ಬಿಳಿ ಕಲ್ಲುಗಳೆಲ್ಲಾ ಒಂದೇನಾ?

ಅಕ್ಕನ ಮಗಳು ಏಳನೇ ಕ್ಲಾಸು. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ, ಮೂರೂ ಬಾಯಿಪಾಠ. ಬಿಳಿಗೆರೆಯ ಹೊಲದ ಬದುವಿಂದ ಒಂದು ಬಿಳಿ ಕಲ್ಲು ಎತ್ತಿಕೊಟ್ಟು ‘ಇದು ಯಾವ್ದಮ್ಮ?’ ಅಂದೆ. ಸುಮ್ನಾದಳು. ಬಿ.ಕಾಂ. ಮಾಡಿದ ನನಗೂ ಗೊತ್ತಿರಲಿಲ್ಲ ಬಿಡಿ.

ಮೊದಲು ಒಂದು ಗೊಂದಲ ಬಿಡಿಸೋಣ. ಖನಿಜ ಅಂದ್ರೆ ಸಾಮಾನು, ಶಿಲೆ ಅಂದ್ರೆ ಅಡುಗೆ. ಚಾಮುಂಡಿ ಬೆಟ್ಟದ ಗ್ರಾನೈಟ್ ಚಿತ್ರಾನ್ನ ಇದ್ದಂಗೆ: ಗಾಜಿನ ಥರ ಹೊಳೆಯೋದು ಬೆಣಚು, ತಿಳಿಗೆಂಪು ಇರೋದು ಫೆಲ್ಡ್‌ಸ್ಪಾರ್, ಜೊತೆಗೆ ಒಂದಷ್ಟು ಕಪ್ಪು ಚುಕ್ಕೆ.

ಮಕ್ಕಳು ಎಡವೋದು ಬಣ್ಣದಲ್ಲಿ. ನಮ್ಮ ಕಡೆ ಬಿಳಿ ಅಂದ್ರೆ ಬೆಣಚುಕಲ್ಲೂ ಆಗಬಹುದು, ಕಪ್ಪು ಮಣ್ಣಲ್ಲಿ ಸಿಗೋ ಸುಣ್ಣದ ಗಂಟೂ ಆಗಬಹುದು, ಮ್ಯಾಗ್ನಸೈಟೂ ಆಗಬಹುದು. ಮ್ಯಾಗ್ನಸೈಟನ್ನ ಮೈಸೂರು–ನಂಜನಗೂಡು ಕಡೆಯ ದೊಡ್ಡಕಾನ್ಯದಲ್ಲಿ ಗಣಿ ತೋಡಿ ತೆಗೆದಿದ್ದಾರೆ. ಉಕ್ಕಿನ ಕುಲುಮೆ ಒಳಗೆ ಕಟ್ಟೋ, ಬೆಂಕಿ ತಡೆಯೋ ಇಟ್ಟಿಗೆ ಇದರಿಂದಾಗುತ್ತೆ.

ಪತ್ತೆ ಹೇಗೆ? ಹಳೇ ಗಾಜಿನ ಬಾಟಲಿ ಮೇಜಿನ ಮೇಲೆ ಮಲಗಿಸಿ, ಕಲ್ಲಿನ ಚೂಪು ತುದಿಯಿಂದ ಗೀರಿ. ಒರೆಸಿದ್ರೂ ಗೀರು ಹೋಗದಿದ್ರೆ ಬೆಣಚು ಇರಬಹುದು. ಅದರ ಗಡಸುತನ 7, ಗಾಜಿನದು ಸುಮಾರು 5.5. ಗೀರು ಬೀಳಲಿಲ್ವಾ? ಒಂದು ಹನಿ ವಿನಿಗರ್ ಹಾಕಿ. ನೊರೆ ಬಂದ್ರೆ ಸುಣ್ಣ. ಗುಳ್ಳೆಯಲ್ಲಿರೋದು ಕಾರ್ಬನ್ ಡೈಆಕ್ಸೈಡ್. ಮ್ಯಾಗ್ನಸೈಟೂ ಕಾರ್ಬೊನೇಟೇ, ಆದ್ರೆ ತಣ್ಣನೆ ವಿನಿಗರ್‌ಗೆ ಜಗ್ಗಲ್ಲ. ಎರಡಕ್ಕೂ ಸುಮ್ನಿದ್ರೆ ಮ್ಯಾಗ್ನಸೈಟ್ ಇರಬಹುದು. ‘ಇರಬಹುದು’ ಅಷ್ಟೇ. ಹಳೇ ಗಣಿ ಗುಂಡಿಗೆ ಮಾತ್ರ ಮಕ್ಕಳನ್ನ ಇಳಿಸಬೇಡಿ.

ಅಂದ ಹಾಗೆ ಅವಳ ಕಲ್ಲು ನೊರೆ ಬಿಡ್ತು. ಈಗ ವಿನಿಗರ್ ಬಾಟಲಿ ಅಡುಗೆಮನೇಲಿಲ್ಲ, ಅವಳ ಬ್ಯಾಗಲ್ಲಿದೆ.