ಕನ್ನಡ ಟ್ಯೂನಿಗೆ ಕೂರಲ್ವಾ? ಫಿನ್ಲೆಂಡ್‌ನವರಿಗೂ ಇದೇ ತಲೆನೋವು

ಈ ವಾರ ದುಡ್ಡಿನ ವಿಷಯ ಕಡಿಮೆ, ಹಾಡಿನ ವಿಷಯ ಜಾಸ್ತಿ. ಕೊನೆ ಕಡೆ ಸ್ವಲ್ಪ ಲೆಕ್ಕನೂ ಬರುತ್ತೆ, ಬಿ.ಕಾಂ. ಓದಿದ ಚಾಳಿ, ಬಿಡಲ್ಲ.

ನಮ್ಮ ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಮಹಡಿ ಮೇಲಿನ ರೂಮಿನ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಪ್ರಾಕ್ಟೀಸ್ ಮಾಡೋ ಹುಡುಗರ ಬ್ಯಾಂಡುಗಳಿವೆ. ಮನೇಲಿ ಕನ್ನಡ, ಬೀದೀಲಿ ಕನ್ನಡ, ಡ್ರಮ್ಮರ್ ಲೇಟಾಗಿ ಬಂದ್ರೆ ಬೈಯೋದೂ ಕನ್ನಡದಲ್ಲೇ. ಆದರೆ ಹಾಡು ಬರೆಯೋಕೆ ಕೂತರೆ ಇಂಗ್ಲಿಷ್. ಯಾಕೆ ಅಂತ ಕೇಳಿದ್ರೆ ಎಲ್ಲರದೂ ಒಂದೇ ಉತ್ತರ: "ಕನ್ನಡ ಟ್ಯೂನಿಗೆ ಕೂರಲ್ಲ ಮಗಾ."

ಇದು ನಿಜವಾ, ನೆಪವಾ? ಹುಡುಕ್ತಾ ಹೋದಾಗ ನಾನು ಬಂದು ನಿಂತಿದ್ದು ಫಿನ್ಲೆಂಡ್‌ನಲ್ಲಿ. ಅಲ್ಲಿನ ಬ್ಯಾಂಡುಗಳು ಐವತ್ತು ವರ್ಷದಿಂದ ಇದೇ ಪ್ರಶ್ನೆ ಹೊತ್ಕೊಂಡು ತಿರುಗ್ತಿವೆ. ಹುರ್ರಿಗೇನ್ಸ್ ಅನ್ನೋ ಬ್ಯಾಂಡು 1974ರಲ್ಲಿ 'ರೋಡ್‌ರನ್ನರ್' ಆಲ್ಬಮ್ ಮಾಡಿದ್ದು ಇಂಗ್ಲಿಷಲ್ಲಿ. 1996ರಲ್ಲಿ ಶುರುವಾದ ನೈಟ್‌ವಿಶ್ ಬಹುಪಾಲು ಇಂಗ್ಲಿಷ್, ನಡುವೆ ಬೆರಳೆಣಿಕೆಯಷ್ಟು ಫಿನ್ನಿಶ್. ತಮಾಷೆ ಅಂದ್ರೆ ಅದೇ 1996ರಲ್ಲೇ ನಮ್ಮ ಬೆಂಗಳೂರಿನ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಕೂಡ ಹುಟ್ಟಿದ್ದು. ಅದೂ ಇಂಗ್ಲಿಷ್ ಬ್ಯಾಂಡೇ.

ಫಿನ್ನಿಶ್‌ಗೂ ಕನ್ನಡಕ್ಕೂ ಸಂಬಂಧ ಇಲ್ಲ. 1856ರಲ್ಲಿ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ವ್ಯಾಕರಣ ಬರೆದಾಗ ಆ ಕಡೆಯ ಭಾಷೆಗಳ ಜತೆ ನೆಂಟಸ್ತನ ಹುಡುಕಿದ್ದ. ಇವತ್ತಿನ ಭಾಷಾ ವಿಜ್ಞಾನಿಗಳು ಅದನ್ನ ಒಪ್ಪಲ್ಲ. ನೆಂಟಸ್ತನ ಇಲ್ಲದಿದ್ರೂ ಎರಡರ ಮೈಕಟ್ಟು ಒಂದೇ ಥರ. ಪದಕ್ಕೆ ಹಿಂದಿನಿಂದ ಪ್ರತ್ಯಯ ಅಂಟಿಸ್ತಾ ಹೋಗೋದು, ಹ್ರಸ್ವ ದೀರ್ಘದ ಮೇಲೆ ಅರ್ಥ ನಿಲ್ಲೋದು, ಒತ್ತಕ್ಷರ ಹಾಕಿದ್ರೆ ಪದವೇ ಬದಲಾಗೋದು, ಇವೆಲ್ಲ ಎರಡರಲ್ಲೂ ಇವೆ.

ಈ ಹ್ರಸ್ವ ದೀರ್ಘ ಇದೆಯಲ್ಲ, ಹಾಡುಗಾರನಿಗೆ ಮೊದಲ ಏಟು ಬೀಳೋದೇ ಅಲ್ಲಿ. ಕನ್ನಡದಲ್ಲಿ 'ಹಳೆ' ಬೇರೆ, 'ಹಾಳೆ' ಬೇರೆ. 'ಹಳಿ' ಅಂದ್ರೆ ಕೆಂಗೇರಿ ಮೆಟ್ರೋ ಓಡೋದು, 'ಹಳ್ಳಿ' ಅಂದ್ರೆ ಕೆಂಗೇರಿ ಮೊದಲು ಇದ್ದಿದ್ದು. ಈಗ ಟ್ಯೂನಲ್ಲಿ ಒಂದು ಉದ್ದ ಸ್ವರ ಬಂತು, ಅಲ್ಲಿ 'ಹಳೆ'ಯ ಮೊದಲ ಅಕ್ಷರ ಕೂರಿಸಿದ್ರಿ ಅಂತ ಇಟ್ಕೊಳ್ಳಿ. 'ಹಳೆ ನೆನಪು' ಹೋಗಿ 'ಹಾಳೆ ನೆನಪು' ಆಯ್ತು. ಫಿನ್ನಿಶ್‌ನಲ್ಲಿ ಇದು ಇನ್ನೂ ಅಪಾಯ. 'ತಪಾನ್ ಸಿನುತ್' ಅಂದ್ರೆ ನಿನ್ನನ್ನು ಭೇಟಿ ಆಗ್ತೀನಿ. ದೀರ್ಘ ಕಿತ್ತು 'ತಪನ್ ಸಿನುತ್' ಅಂದ್ರೆ ನಿನ್ನನ್ನು ಕೊಲ್ತೀನಿ. ಒಂದು ಮಾತ್ರೆ ಜಾರಿದ್ರೆ ಲವ್ ಸಾಂಗ್ ಹೋಗಿ ಪೊಲೀಸ್ ಕೇಸ್. ಇಂಗ್ಲಿಷಲ್ಲಿ ಈ ಭಯ ಕಡಿಮೆ. 'ಲವ್' ಅನ್ನೋದನ್ನ ಕಾಲು ಸೆಕೆಂಡ್ ಹಾಡಿ, ನಾಲ್ಕು ಸೆಕೆಂಡ್ ಎಳೀರಿ, ಅದು ಲವ್ವೇ.

ಎರಡನೇದು ಉದ್ದ. ಇಂಗ್ಲಿಷಲ್ಲಿ 'ಐ ಲವ್ ಯೂ' ಅನ್ನೋಕೆ ಮೂರು ಉಚ್ಚಾರ ಸಾಕು. ಪುಸ್ತಕದ ಕನ್ನಡದಲ್ಲಿ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಅಂದ್ರೆ ಹತ್ತು ಅಕ್ಷರ, ಲಘು ಗುರು ಹಾಕಿದ್ರೆ 16 ಮಾತ್ರೆ. ಅಷ್ಟು ಹೇಳೋ ಹೊತ್ತಿಗೆ ಹುಡುಗಿ ಬಸ್ ಹತ್ತಿರ್ತಾಳೆ. ಆದರೆ ಯಾರು ಹಾಗೆ ಮಾತಾಡ್ತಾರೆ? ಕ್ರಿಯಾಪದದಲ್ಲೇ 'ನಾನು' ಇದೆ, ಅದನ್ನ ತೆಗೀಬಹುದು. 'ನಿನ್ನ ಪ್ರೀತಿಸ್ತೀನಿ' ಅಂದ್ರೆ ಆರೇ ಅಕ್ಷರ. ಫಿನ್ನಿಶ್‌ನಲ್ಲೂ 'ನಾನು' ಬಿಟ್ಟು 'ರಕಸ್ತನ್ ಸಿನುಅ' ಅಂತಾರೆ, ಅದೂ ಆರೇ. ಇನ್ನೊಂದು ಮಜಾ ನೋಡಿ: 'ನಿನ್ನ' 3 ಮಾತ್ರೆ, 'ಪ್ರೀತಿಸ್' 4, 'ತೀನಿ' 3. ಮೂರು, ನಾಲ್ಕು, ಮೂರು. ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿಸ್ತಿದ್ರಲ್ಲ, ಕುಮಾರವ್ಯಾಸನ ಭಾಮಿನಿ ಷಟ್ಪದಿ, ಅದು ಓಡೋದು ಇದೇ ಮೂರು ನಾಲ್ಕು ಮೂರು ನಾಲ್ಕರಲ್ಲಿ. ನಾವು ದಿನಾ ಆಡೋ ಮಾತಿಗೂ ತಾಳ ಇದೆ, ಆದರೆ ಆ ತಾಳ ಇಂಗ್ಲಿಷ್ ಟ್ಯೂನಿನ ತಾಳ ಅಲ್ಲ.

ಅಸಲಿ ಸಮಸ್ಯೆ ಇರೋದು ಇಲ್ಲಿ, ಇದನ್ನ ಜಾಸ್ತಿ ಯಾರೂ ಹೇಳಲ್ಲ. ಇಂಗ್ಲಿಷ್ ಸಾಲುಗಳು ಸಾಮಾನ್ಯವಾಗಿ ಹಗುರ ಅಕ್ಷರದಿಂದ ಶುರುವಾಗ್ತವೆ. 'ಎ', 'ದ', 'ಇನ್', 'ಐ' ಥರದ ಚಿಲ್ಲರೆ ಪದಗಳು ಮುಂದೆ ಬಂದು, ಆಮೇಲೆ ಭಾರದ ಪದ ಬೀಟಿನ ಮೇಲೆ ಬೀಳುತ್ತೆ. ಓಡಿ ಬಂದು ಜಿಗಿದ ಹಾಗೆ. ಕನ್ನಡದಲ್ಲಿ 'ಎ', 'ದ' ಇಲ್ಲ. ಫಿನ್ನಿಶ್‌ನಲ್ಲೂ ಇಲ್ಲ. ಅಲ್ಲಿ ಪ್ರತಿ ಪದದ ಮೊದಲ ಅಕ್ಷರಕ್ಕೇ ಒತ್ತು. ಕನ್ನಡದಲ್ಲಿ ಅಷ್ಟು ಗಟ್ಟಿ ಒತ್ತು ಇಲ್ಲದಿದ್ರೂ ನಮ್ಮ ಕಿವಿ ಪದದ ಮೊದಲ ಅಕ್ಷರವನ್ನೇ ಬೀಟ್ ಮೇಲೆ ಬಯಸುತ್ತೆ. ಛಂದಸ್ಸಿನ ಮೇಷ್ಟ್ರುಗಳಿಗೆ ಇದು ಮೊದಲೇ ಗೊತ್ತಿತ್ತು. ಮಾತ್ರಾಗಣ ಲಘು ಆದಮೇಲೆ ಗುರು ಬರೋ ಹಾಗೆ ಶುರುವಾಗಬಾರದು ಅಂತ ನಿಯಮವನ್ನೇ ಮಾಡಿದ್ದಾರೆ.

ನಮ್ಮ ಹುಡುಗರು ಏನು ಮಾಡ್ತಾರೆ? ಗಿಟಾರ್ ಹಿಡ್ಕೊಂಡು ಮೊದಲು ಇಂಗ್ಲಿಷ್ ಥರ ಗುನುಗ್ತಾರೆ, ಅರ್ಥ ಇಲ್ಲದ ಡಮ್ಮಿ ಲಿರಿಕ್ಸ್. ಟ್ಯೂನ್ ಆ ಅಚ್ಚಲ್ಲೇ ಗಟ್ಟಿಯಾಗುತ್ತೆ. ಆಮೇಲೆ ಅದರೊಳಗೆ ಕನ್ನಡ ತುರುಕ್ತಾರೆ. ಇಡ್ಲಿ ತಟ್ಟೇಲಿ ದೋಸೆ ಹುಯ್ದು, ದೋಸೆ ಸರಿ ಇಲ್ಲ ಅಂದ ಹಾಗೆ. ಸಾಲಿನ ಮುಂದೆ ಖಾಲಿ ಉಳಿದ ಜಾಗಕ್ಕೆ 'ಓ', 'ಈ', 'ಆ' ಅಂತ ಒಂದಕ್ಷರ ಸಿಕ್ಕಿಸೋದು ಸಿನಿಮಾದವರ ಹಳೇ ಉಪಾಯ. ಲೆಕ್ಕ ಹಾಕಿ ನೋಡಿ, ನಮ್ಮ ಎಷ್ಟೊಂದು ಹಾಡುಗಳು 'ಓ' ಅಂತ ಶುರುವಾಗ್ತವೆ!

ಪ್ರಾಸದ್ದು ಇನ್ನೊಂದು ಕಥೆ. ಕನ್ನಡದಲ್ಲಿ ಕೊನೆಯ ಪ್ರಾಸ ಪುಕ್ಕಟೆ ಸಿಗುತ್ತೆ. ಎದೆಯಲ್ಲಿ, ಮನೆಯಲ್ಲಿ, ಮಳೆಯಲ್ಲಿ. ಪ್ರತ್ಯಯಕ್ಕೆ ಪ್ರತ್ಯಯ ಹೊಂದಿಸಿದ್ರೆ ಅದರಲ್ಲೇನು ದೊಡ್ಡಸ್ತಿಕೆ? ಫಿನ್ನಿಶ್‌ನಲ್ಲೂ 'ಒಳಗೆ' ಅನ್ನೋಕೆ '-ಸ್ಸ' ಅಂಟಿಸ್ತಾರೆ, ಅಲ್ಲೂ ಇದೇ ಸುಲಭದ ಪ್ರಾಸ. ಪದದ ನಿಜವಾದ ತಿರುಳು ಇರೋದು ಮುಂದುಗಡೆ. ಅದಕ್ಕೇ ಇರಬೇಕು, ಹಳಗನ್ನಡದ ಕವಿಗಳು ಪ್ರಾಸವನ್ನ ಸಾಲಿನ ಕೊನೇಲಿ ಇಡಲಿಲ್ಲ, ಶುರುವಿನ ಎರಡನೇ ಅಕ್ಷರದಲ್ಲಿ ಇಟ್ಟರು. ಫಿನ್ಲೆಂಡಿನ 'ಕಾಲೆವಾಲ' ಮಹಾಕಾವ್ಯದಲ್ಲೂ ಅಂತ್ಯಪ್ರಾಸದ ಕಟ್ಟಳೆ ಇಲ್ಲ, ಪದಗಳ ಮೊದಲ ಅಕ್ಷರ ಹೊಂದಿಸೋದೇ ಅಲ್ಲಿನ ಸೊಗಸು. ಪರಸ್ಪರ ಹೆಸರೂ ಕೇಳಿರದ ಎರಡು ಭಾಷೆಯವರು ಒಂದೇ ಉತ್ತರಕ್ಕೆ ಬಂದಿದ್ದಾರೆ. ನನಗಂತೂ ಇದನ್ನ ಓದಿದ ದಿನ ಬಲೇ ಖುಷಿಯಾಯ್ತು.

ಆದಿಪ್ರಾಸದ ಬೇಡಿ ಬಿಚ್ಚಿದವರು ಮಂಜೇಶ್ವರದ ಗೋವಿಂದ ಪೈ. ಆಮೇಲೆ 1926ರಲ್ಲಿ ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಬಂತು. ಇಂಗ್ಲಿಷ್ ಕವಿತೆಗಳ ಜೀವ ತಂದು ಕನ್ನಡದ ಮಾತ್ರಾಗಣಗಳಲ್ಲಿ ಕೂರಿಸಿದ ಪುಸ್ತಕ ಅದು. ನ್ಯೂಮನ್ 1833ರಲ್ಲಿ ಬರೆದ ಇಂಗ್ಲಿಷ್ ಪ್ರಾರ್ಥನೆ ಇವರ ಕೈಯಲ್ಲಿ ಎಷ್ಟು ಕನ್ನಡ ಆಗೋಯ್ತು ಅಂದ್ರೆ, ಅದು ಅನುವಾದ ಅಂತಾನೇ ಬಹಳ ಜನಕ್ಕೆ ಗೊತ್ತಿಲ್ಲ. ಬಿ.ಎಂ.ಶ್ರೀ ಇಂಗ್ಲಿಷಿನ ಅಚ್ಚನ್ನ ಹಾಗೇ ಎತ್ಕೊಂಡು ಬರಲಿಲ್ಲ, ಕನ್ನಡದ ಮೂರು ನಾಲ್ಕು ಐದು ಮಾತ್ರೆಯ ಗಣಗಳನ್ನ ತಗೊಂಡು ಹೊಸದಾಗಿ ಜೋಡಿಸಿದ್ರು. ಅಂದ್ರೆ 'ಕೂರಲ್ಲ' ಅನ್ನೋ ದೂರಿಗೆ ನೂರು ವರ್ಷದ ಹಿಂದೇನೇ ಉತ್ತರ ಸಿಕ್ಕಿದೆ.

ಉಲ್ಟಾ ದಾರಿಯ ಉದಾಹರಣೆಯೂ ನಮ್ಮ ಏರಿಯಾದ್ದೇ ಅನ್ನಬಹುದು, ರಾಜಾಜಿನಗರದಲ್ಲಿ ಅವರ ಹೆಸರಿನ ರಸ್ತೇನೇ ಇದೆಯಲ್ಲ. 1978ರ 'ಆಪರೇಷನ್ ಡೈಮಂಡ್ ರ್ಯಾಕೆಟ್' ಸಿನಿಮಾದಲ್ಲಿ ಡಾ. ರಾಜ್‌ಕುಮಾರ್ ಇಂಗ್ಲಿಷ್ ಹಾಡು ಹಾಡಿದ್ದಾರೆ, 'ಇಫ್ ಯು ಕಮ್ ಟುಡೇ', ಸಂಗೀತ ಜಿ.ಕೆ. ವೆಂಕಟೇಶ್. ಇಂಟರ್ನೆಟ್ಟಲ್ಲಿ ಇದನ್ನ ಜೋಕ್ ಮಾಡ್ಕೊಂಡು ಓಡಾಡಿದವರಿಗೆ ಒಂದು ಮಾತು: ಇನ್ನೊಂದ್ಸಲ ಕೇಳಿ. ಅಣ್ಣಾವ್ರು ಇಂಗ್ಲಿಷ್ ಪದಗಳಿಗೂ ಕನ್ನಡದ ಹಾಗೆ ಒಂದೊಂದು ಅಕ್ಷರಕ್ಕೂ ಅದರ ಪಾಲು ಕೊಟ್ಟು ಹಾಡ್ತಾರೆ. ಅದಕ್ಕೇ ಆ ಹಾಡು ಇಂಗ್ಲಿಷ್ ಆದ್ರೂ ನಮ್ಮದು ಅನ್ಸುತ್ತೆ.

ಪದದ ಕೊನೆಯ ಸ್ವರ ಅನ್ನೋದು ಮೂರನೇ ಗುಟ್ಟು. ಕನ್ನಡ ಪದಗಳು ಸ್ವರದಲ್ಲೇ ಮುಗಿಯೋದು. ಬಸ್ ಬಂದ್ರೂ ಬಸ್ಸು ಮಾಡ್ಕೊಂಡ್ವಿ, ಕಾರ್ ಕಾರು ಆಯ್ತು. ಎಳೆದು ಹಾಡೋಕೆ ಇದು ವರ. ಆದರೆ ಮೆಟಲ್‌ಗೆ, ರ್‍ಯಾಪ್‌ಗೆ ಟಕ್ ಅಂತ ನಿಲ್ಲೋ ವ್ಯಂಜನ ಬೇಕು. ಅದು ಗ್ರಂಥದ ಕನ್ನಡದಲ್ಲಿ ಸಿಗಲ್ಲ, ಬೀದೀಲಿ ಸಿಗುತ್ತೆ. 'ಬಂದುಬಿಟ್ಟನು' ಅಲ್ಲ, 'ಬಂದ್‌ಬಿಟ್ಟ'. 1987ರ 'ಪ್ರೇಮಲೋಕ'ದಲ್ಲಿ ಹಂಸಲೇಖ ಮಾಡಿದ್ದು ಇದೇ: ಆಡುಮಾತನ್ನ, ಅದರೊಳಗಿನ ಇಂಗ್ಲಿಷ್ ಪದಗಳ ಸಮೇತ, ನೇರವಾಗಿ ಟ್ಯೂನಿಗೆ ತಂದ್ರು. ಸಾಹಿತ್ಯ, ಸಂಗೀತ ಎರಡೂ ಅವರದೇ ಆಗಿದ್ದರಿಂದ ಅಚ್ಚು ಮೊದಲಾ ಹಿಟ್ಟು ಮೊದಲಾ ಅನ್ನೋ ಜಗಳವೇ ಇರಲಿಲ್ಲ. ಬ್ಯಾಂಡುಗಳ ಕಡೆ ನೋಡಿದ್ರೆ ರಘು ದೀಕ್ಷಿತ್ 2008ರ ಮೊದಲ ಆಲ್ಬಮ್‌ನಲ್ಲೇ ಶಿಶುನಾಳ ಶರೀಫರನ್ನ ಗಿಟಾರಿಗೆ ಕೂರಿಸಿದ್ರು. ಸ್ವರಾತ್ಮ ಕನ್ನಡ, ಹಿಂದಿ ಎರಡರಲ್ಲೂ ಹಾಡ್ತು.

ಈಗ ಲೆಕ್ಕ. "ಕನ್ನಡದಲ್ಲಿ ಮಾಡಿದ್ರೆ ಕೇಳೋರು ಎಷ್ಟು ಜನ?" ಅಂತಾರೆ. ಫಿನ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು ಸುಮಾರು 4.37 ಕೋಟಿ, ಹತ್ತಿರ ಹತ್ತಿರ ಎಂಟು ಪಟ್ಟು. ಅವರು ಆ 55 ಲಕ್ಷದಲ್ಲೇ ಫಿನ್ನಿಶ್ ರಾಕ್ ಅಂತ ಒಂದು ಪರಂಪರೆ ಸಾಕಿದ್ದಾರೆ. ಹೊರಗಿನವರು ಕೇಳಲ್ಲ ಅನ್ನೋದಕ್ಕೂ ಎರಡು ಕಡೆ ಇದೆ. ಯೂರೋವಿಷನ್ ಸ್ಪರ್ಧೆಯಲ್ಲಿ 1999ರಿಂದ ಯಾವ ಭಾಷೇಲಾದ್ರೂ ಹಾಡಬಹುದು. 2006ರಲ್ಲಿ ಲೋರ್ಡಿ ಇಂಗ್ಲಿಷಲ್ಲಿ ಹಾಡಿ ಗೆದ್ರು, ಫಿನ್ಲೆಂಡಿಗೆ ಅದೇ ಮೊದಲ ಗೆಲುವು. 2023ರಲ್ಲಿ ಕಾರಿಯಾ ಅನ್ನೋ ಹುಡುಗ ಫಿನ್ನಿಶ್‌ನಲ್ಲಿ ಹಾಡಿ ಎರಡನೇ ಸ್ಥಾನಕ್ಕೆ ಬಂದ, ಆದರೆ ಜನರ ವೋಟಿನಲ್ಲಿ ಅವನೇ ಫಸ್ಟ್. ಅರ್ಥ ಆಗದ ಭಾಷೆಗೆ ಊರೂರಿನವರು ವೋಟ್ ಹಾಕಿದ್ದಾರೆ. ನಮ್ಮಲ್ಲಿ ಕಷ್ಟ ಬೇರೆ ಕಡೆ ಇದೆ. ದುಡ್ಡು ಕೊಡೋ ಪಬ್ಬುಗಳು ಊರಿನ ಆ ತುದೀಲಿ, ಅಲ್ಲಿ ಕೂತ ಜನ ದೇಶದ ಎಲ್ಲಾ ಕಡೆಯವರು. ಈ ತುದೀಲಿ ಗಣೇಶ, ರಾಜ್ಯೋತ್ಸವದ ಸ್ಟೇಜ್ ಇವೆ, ಅಲ್ಲಿ ಸಿನಿಮಾ ಹಾಡು ಬಿಟ್ಟು ಸ್ವಂತ ಹಾಡು ಹಾಡ್ತೀವಿ ಅಂದ್ರೆ ಕಮಿಟಿಯವರು ಮುಖ ಮುಖ ನೋಡ್ಕೋತಾರೆ. ನಡುವೆ ಜಾಗವೇ ಇಲ್ಲ.

ಆದರೆ ಇಂಗ್ಲಿಷ್ ಹಿಡಿಯೋದಕ್ಕೆ ಮಾತ್ರೆನೂ ಅಲ್ಲದ, ಮಾರ್ಕೆಟ್ಟೂ ಅಲ್ಲದ ಇನ್ನೊಂದು ಕಾರಣ ಇದೆ. ಕೆಂಗೇರಿಯ ನನ್ನ ಸ್ನೇಹಿತ ಒಬ್ಬ ಐದಾರು ವರ್ಷದಿಂದ ಇಂಗ್ಲಿಷಲ್ಲೇ ಬರೀತಿದ್ದ. ಅದರಲ್ಲಿ ಒಂದು ಹಾಡು ಅವರಪ್ಪನ ಮೇಲೆ: ಇಪ್ಪತ್ತು ವರ್ಷ ದುಡಿದ ಜಾಗ ಮುಚ್ಚಿಹೋದ್ಮೇಲೂ ಬೆಳಿಗ್ಗೆ ಆರಕ್ಕೇ ಎದ್ದು ಶೇವ್ ಮಾಡ್ಕೊಂಡು ಕೂರೋ ಅಪ್ಪ. ಚೆನ್ನಾಗಿತ್ತು. ಅಪ್ಪ ಪಕ್ಕದ ರೂಮಲ್ಲೇ ಇರ್ತಿದ್ರು, ನೂರು ಸಲ ಕೇಳಿಸ್ಕೊಂಡಿದ್ರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. "ಅದಕ್ಕೇ ಬರೆಯೋಕಾಗಿದ್ದು" ಅಂದ ಇವನು. ಕನ್ನಡದಲ್ಲಿ ಬರೆದ್ರೆ ಬಚ್ಚಿಟ್ಕೊಳ್ಳೋಕೆ ಜಾಗ ಇರಲ್ಲ.

ಕಳೆದ ವರ್ಷ ಅದನ್ನ ಕನ್ನಡಕ್ಕೆ ತರೋಕೆ ಕೂತ. ಅನುವಾದ ಮಾಡೋಕೆ ಹೋಗಿ ಸೋತು, ಟ್ಯೂನನ್ನೇ ಕಿತ್ತು ಹಾಕಿ, ಐದು ಮಾತ್ರೆಯ ನಡಿಗೇಲಿ ಹೊಸದಾಗಿ ಕಟ್ಟಿದ. ಪಲ್ಲವಿಯಲ್ಲಿ 'ಕಾರ್ಖಾನೆ' ಅಂತ ಪದ ಇತ್ತು, ಸರಿಯಾಗಿ ಐದು ಮಾತ್ರೆ. ಒಂದು ಸಂಜೆ ಬಾಗಿಲು ತೆಗೆದಿಟ್ಟೇ ಹಾಡಿದ. ಅಪ್ಪ ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ್ರಂತೆ. ಚೆನ್ನಾಗಿದೆ, ಚೆನ್ನಾಗಿಲ್ಲ ಏನೂ ಅನ್ನಲಿಲ್ಲ. "ನಾವ್ಯಾರೂ ಕಾರ್ಖಾನೆ ಅಂತಿರಲಿಲ್ಲ ಕಣೋ, ಫ್ಯಾಕ್ಟ್ರಿ ಅಂತಿದ್ವಿ" ಅಂದ್ರಂತೆ.

'ಫ್ಯಾಕ್ಟ್ರಿ' ಮೂರೇ ಮಾತ್ರೆ. ಎರಡು ಕಡಿಮೆ ಬೀಳುತ್ತೆ. ಎರಡು ದಿನ ಒದ್ದಾಡಿ ಕೊನೆಗೆ ಮುಂದೆ ಎರಡು ಮಾತ್ರೆಯ 'ನಮ್' ಸೇರಿಸಿದ: 'ನಮ್ ಫ್ಯಾಕ್ಟ್ರಿ'. ಐದಕ್ಕೆ ಐದು. ಈಗ ರೆಕಾರ್ಡಿಂಗ್ ನಡೀತಿದೆ. ಡ್ರಮ್ಮರ್‌ಗೆ ಐದರ ಲೆಕ್ಕ ಇನ್ನೂ ಕೈಗೆ ಹತ್ತಿಲ್ಲ.