ಹೋಂಡಾ ಸೂಪರ್ ಕಬ್

ಹೋಂಡಾ ಸೂಪರ್ ಕಬ್ ಜಪಾನಿನ ಹೋಂಡಾ ಮೋಟಾರ್ ಕಂಪನಿಯು 1958ರ ಆಗಸ್ಟ್ ತಿಂಗಳಲ್ಲಿ ಮಾರುಕಟ್ಟೆಗೆ ತಂದ ಲಘು ಮೋಟಾರ್‌ಸೈಕಲ್. ಇದರ ಮೊದಲ ಮಾದರಿಯ ಹೆಸರು ಸಿ100. ಜಗತ್ತಿನಲ್ಲಿ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಮೋಟಾರು ವಾಹನ ಸರಣಿ ಇದಾಗಿದ್ದು, 2017ರ ಅಕ್ಟೋಬರ್ ವೇಳೆಗೆ ಇದರ ಒಟ್ಟು ಉತ್ಪಾದನೆ 10 ಕೋಟಿಯನ್ನು ಮುಟ್ಟಿತು. ಈ ವಾಹನ ವೇಗಕ್ಕಾಗಲಿ ಶಕ್ತಿಗಾಗಲಿ ಹೆಸರಾದುದಲ್ಲ. ಮೋಟಾರ್‌ಸೈಕಲ್ ಓಡಿಸಲು ತೋಳ್ಬಲವಾಗಲಿ, ಯಂತ್ರಜ್ಞಾನವಾಗಲಿ, ವಿಶೇಷ ಉಡುಪಾಗಲಿ ಬೇಕಿಲ್ಲ ಎಂಬುದನ್ನು ವಿನ್ಯಾಸದ ಮೂಲಕವೇ ತೋರಿಸಿಕೊಟ್ಟದ್ದು ಇದರ ಮಹತ್ವ.

ಹಿನ್ನೆಲೆ

ಸೊಯಿಚಿರೊ ಹೋಂಡಾ ಅವರು 1948ರಲ್ಲಿ ಹಮಮತ್ಸು ನಗರದಲ್ಲಿ ಕಂಪನಿಯನ್ನು ಸ್ಥಾಪಿಸಿದರು. ಮರುವರ್ಷ ಅವರೊಡನೆ ಸೇರಿದ ತಕೆಯೊ ಫುಜಿಸಾವಾ ಹಣಕಾಸು ಮತ್ತು ಮಾರಾಟದ ಹೊಣೆಯನ್ನು ಹೊತ್ತರು. 1952ರಲ್ಲಿ ಕಂಪನಿಯು ಬೈಸಿಕಲ್ಲಿಗೆ ಜೋಡಿಸಬಹುದಾದ ಕಬ್ ಎಂಬ ಪುಟ್ಟ ಎಂಜಿನ್ನನ್ನು ಹೊರತಂದಿತ್ತು. ಮುಂದೆ ಬಂದ ಸೂಪರ್ ಕಬ್ ತನ್ನ ಹೆಸರನ್ನು ಪಡೆದದ್ದು ಇದರಿಂದ.

1956ರಲ್ಲಿ ಇಬ್ಬರೂ ಯುರೋಪಿಗೆ ಭೇಟಿ ನೀಡಿ ಅಲ್ಲಿನ ಮೊಪೆಡ್ ಮತ್ತು ಸ್ಕೂಟರುಗಳನ್ನು ಪರಿಶೀಲಿಸಿದರು. ಅವು ಜಪಾನಿಗೆ ಒಗ್ಗುವಂತಿರಲಿಲ್ಲ. ಆ ಕಾಲದಲ್ಲಿ ಜಪಾನಿನ ಬಹುಪಾಲು ರಸ್ತೆಗಳು ಡಾಂಬರು ಕಂಡಿರಲಿಲ್ಲ. ಮೊಪೆಡ್ಡಿಗೆ ಅಲ್ಲಿನ ಏರುಗಳನ್ನು ಹತ್ತುವ ಶಕ್ತಿ ಸಾಲದು, ಸ್ಕೂಟರಿನ ಸಣ್ಣ ಚಕ್ರಗಳಿಗೆ ಹಳ್ಳಕೊಳ್ಳಗಳು ಅಡ್ಡಿ. ಅಂಗಡಿಯ ಹುಡುಗನೊಬ್ಬ ಒಂದು ಕೈಯಲ್ಲಿ ಸೊಬಾ ನೂಡಲ್ಸ್‌ನ ತಟ್ಟೆಗಳನ್ನು ಹಿಡಿದು ಇನ್ನೊಂದು ಕೈಯಿಂದ ಓಡಿಸಬಲ್ಲ ವಾಹನ ಬೇಕು ಎಂಬುದು ವಿನ್ಯಾಸಕಾರರ ಮುಂದಿದ್ದ ಗುರಿಗಳಲ್ಲೊಂದಾಗಿತ್ತು.

ವಿನ್ಯಾಸ

ಒಂದೇ ಕೈಯಿಂದ ಓಡಿಸಬೇಕೆಂದರೆ ಎಡಗೈಯ ಕ್ಲಚ್ ಹಿಡಿಕೆ ಇರಕೂಡದು. ಇದಕ್ಕಾಗಿ ಸೂಪರ್ ಕಬ್‌ನಲ್ಲಿ ಸ್ವಯಂಚಾಲಿತ ಕೇಂದ್ರಾಪಗಾಮಿ ಕ್ಲಚ್ಚನ್ನು ಅಳವಡಿಸಲಾಯಿತು. ಎಂಜಿನ್ ನಿಧಾನವಾಗಿ ತಿರುಗುವಾಗ ಕ್ಲಚ್ ಬಿಡಿಸಿಕೊಂಡಿರುತ್ತದೆ. ವೇಗ ಹೆಚ್ಚಿದಾಗ ಅದರೊಳಗಿನ ತೂಕಗಳು ಹೊರಕ್ಕೆ ಸರಿದು ಕ್ಲಚ್ ತಾನಾಗಿಯೇ ಹಿಡಿದುಕೊಳ್ಳುತ್ತದೆ. ಗೇರ್ ಬದಲಿಸಲು ಎಡಗಾಲಿನ ಪೆಡಲನ್ನು ಒತ್ತಿದರೆ, ಅದೇ ಒತ್ತು ಕ್ಲಚ್ಚನ್ನು ಕ್ಷಣಕಾಲ ಬಿಡಿಸುತ್ತದೆ. ಹೀಗೆ ಮೂರು ಗೇರುಗಳಿದ್ದರೂ ಹೊಸ ಸವಾರರು ಕಲಿಯುವುದು ಸುಲಭವಾಯಿತು.

ಅಂದಿನ ಸಣ್ಣ ವಾಹನಗಳಲ್ಲಿ ಎರಡು ಹೊಡೆತದ ಎಂಜಿನ್ನುಗಳೇ ಸಾಮಾನ್ಯವಾಗಿದ್ದವು. ಅವುಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಿತ್ತು, ಹೊಗೆಯೂ ಹೆಚ್ಚು. ಹೋಂಡಾ ತಂತ್ರಜ್ಞರು 49 ಸಿಸಿ ಸಾಮರ್ಥ್ಯದ ನಾಲ್ಕು ಹೊಡೆತದ ಎಂಜಿನ್ನನ್ನು ರೂಪಿಸಿದರು. ಅದು ನಿಮಿಷಕ್ಕೆ 9,500 ಸುತ್ತುಗಳಲ್ಲಿ 4.5 ಅಶ್ವಶಕ್ತಿಯನ್ನು ನೀಡುತ್ತಿತ್ತು. ಅಷ್ಟು ಪುಟ್ಟ ಎಂಜಿನ್ನಿಗೆ ಅದು ಆ ಕಾಲಕ್ಕೆ ಗಮನಾರ್ಹವಾದ ಸಾಧನೆ.

ಸಿಲಿಂಡರನ್ನು ಬಹುತೇಕ ಅಡ್ಡಲಾಗಿ ಮಲಗಿಸಿ, ಪೆಟ್ರೋಲ್ ಟ್ಯಾಂಕನ್ನು ಆಸನದ ಕೆಳಕ್ಕೆ ಸರಿಸಿದ್ದರಿಂದ ಆಸನದ ಮುಂಭಾಗ ತಗ್ಗಾಗಿ ತೆರೆದುಕೊಂಡಿತು. ಕಾಲನ್ನು ಹಿಂದಿನಿಂದ ಎತ್ತಿ ದಾಟಿಸದೆ, ಲಂಗ ಅಥವಾ ಕಿಮೊನೊ ತೊಟ್ಟವರೂ ಏರಬಹುದಾಗಿತ್ತು. 17 ಅಂಗುಲದ ಚಕ್ರಗಳು ಕೆಟ್ಟ ರಸ್ತೆಯಲ್ಲೂ ಸ್ಥಿರತೆಯನ್ನು ನೀಡಿದವು. ಸವಾರನ ಕಾಲಿಗೆ ಕೆಸರು, ಗಾಳಿ ತಾಗದಂತೆ ತಡೆಯುವ ಮುಂಗವಚವನ್ನು ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನಿಂದ ಮಾಡಲಾಯಿತು. ಇದರಿಂದ ತೂಕವೂ ವೆಚ್ಚವೂ ತಗ್ಗಿದವು. ಚೈನನ್ನು ಪೂರ್ತಿಯಾಗಿ ಮುಚ್ಚಿದ್ದರಿಂದ ಬಟ್ಟೆಗೆ ಎಣ್ಣೆ ಹತ್ತುತ್ತಿರಲಿಲ್ಲ.

ಉತ್ಪಾದನೆ ಮತ್ತು ಮಾರಾಟ

ಸಿ100 ಮಾದರಿಯ ಆರಂಭಿಕ ಬೆಲೆ 55,000 ಯೆನ್. ತಿಂಗಳಿಗೆ 30,000 ವಾಹನಗಳು ಮಾರಾಟವಾಗುವುವು ಎಂದು ಫುಜಿಸಾವಾ ಅಂದಾಜು ಮಾಡಿದ್ದರು. ಜಪಾನಿನ ಎಲ್ಲ ಕಂಪನಿಗಳ ದ್ವಿಚಕ್ರ ವಾಹನಗಳೂ ಸೇರಿ ಆಗ ಅಷ್ಟು ಮಾರಾಟವಾಗುತ್ತಿರಲಿಲ್ಲ. ಈ ಅಂದಾಜನ್ನು ನೆಚ್ಚಿ 1960ರಲ್ಲಿ ಸುಜುಕಾದಲ್ಲಿ ಬೃಹತ್ ಕಾರ್ಖಾನೆಯನ್ನು ತೆರೆಯಲಾಯಿತು.

1959ರಲ್ಲಿ ಕಂಪನಿಯು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಶಾಖೆ ಆರಂಭಿಸಿತು. ಅಲ್ಲಿ ಮೋಟಾರ್‌ಸೈಕಲ್ ಎಂದರೆ ಚರ್ಮದ ಅಂಗಿ ತೊಟ್ಟ ಪುಂಡರ ವಾಹನವೆಂಬ ಭಾವನೆ ಹಲವರಲ್ಲಿತ್ತು. 1963ರಲ್ಲಿ ಆರಂಭವಾದ ಜಾಹೀರಾತು ಸರಣಿಯು ವಿದ್ಯಾರ್ಥಿಗಳು, ಗೃಹಿಣಿಯರು, ದಂಪತಿಗಳು ಈ ವಾಹನವನ್ನು ಓಡಿಸುವ ಚಿತ್ರಗಳನ್ನು ಮುಂದಿಟ್ಟು, ಹೋಂಡಾ ಸವಾರರು ಸಜ್ಜನರೆಂಬ ಸಂದೇಶವನ್ನು ಸಾರಿತು. ಮೋಟಾರ್‌ಸೈಕಲ್ಲಿನ ಕುರಿತ ಸಾಮಾಜಿಕ ಧೋರಣೆಯನ್ನು ಬದಲಿಸಿದ ಈ ಪ್ರಚಾರವು ಮಾರುಕಟ್ಟೆ ಅಧ್ಯಯನದಲ್ಲಿ ಇಂದಿಗೂ ಉದಾಹರಣೆಯಾಗಿದೆ.

ಪ್ರಭಾವ

ಸೂಪರ್ ಕಬ್‌ನ ಯಶಸ್ಸನ್ನು ಕಂಡು ಯಮಹಾ ಮೊದಲಾದ ಕಂಪನಿಗಳು ಇದೇ ಬಗೆಯ ವಾಹನಗಳನ್ನು ಹೊರತಂದವು. ಇಂಡೊನೇಷ್ಯಾದಲ್ಲಿ ಈ ವರ್ಗದ ವಾಹನಗಳಿಗೆ ಬಾತುಕೋಳಿ ಎಂಬ ಅರ್ಥದ 'ಬೆಬೆಕ್' ಎಂಬ ಹೆಸರೇ ನೆಲೆಗೊಂಡಿದೆ. ವಿಯೆಟ್ನಾಮಿನಲ್ಲಿ 'ಹೋಂಡಾ' ಎಂಬುದು ಮೋಟಾರ್‌ಸೈಕಲ್ಲಿಗೆ ಪರ್ಯಾಯ ಪದವಾಯಿತು. ಆಗ್ನೇಯ ಏಷ್ಯಾದ ಅನೇಕ ಕುಟುಂಬಗಳಿಗೆ ಇದೇ ಸಂಚಾರ, ಸರಕು ಸಾಗಣೆ ಮತ್ತು ಜೀವನೋಪಾಯದ ಸಾಧನ.

ಭಾರತದಲ್ಲಿ ಈ ಆಕಾರದ ವಾಹನ ಬೇರೂರಲಿಲ್ಲ. ಹೀರೋ ಹೋಂಡಾ ಕಂಪನಿಯ 'ಸ್ಟ್ರೀಟ್' ಎಂಬ ಮಾದರಿ ಹೆಚ್ಚು ಕಾಲ ಉಳಿಯಲಿಲ್ಲ. ಆದರೆ ಎಂಜಿನ್ನಿನ ಪರಂಪರೆ ಬೇರೊಂದು ರೂಪದಲ್ಲಿ ಬಂದಿತು. 1985ರ ಸಿಡಿ100 ಮತ್ತು 1994ರ ಸ್ಪ್ಲೆಂಡರ್ ಮೋಟಾರ್‌ಸೈಕಲ್‌ಗಳ 97.2 ಸಿಸಿ ಎಂಜಿನ್ನಿನಲ್ಲಿ ಸಿಲಿಂಡರ್ ಕಬ್‌ನಲ್ಲಿರುವಂತೆಯೇ ಮುಂದಕ್ಕೆ ಮಲಗಿದೆ. ಅದರ 50 ಮಿ.ಮೀ. ಸಿಲಿಂಡರ್ ವ್ಯಾಸ ಮತ್ತು 49.5 ಮಿ.ಮೀ. ಪಿಸ್ಟನ್ ಚಲನೆ ಕಬ್ ವಂಶದ 100 ಸಿಸಿ ಎಂಜಿನ್ನಿನವೇ.

ಇತ್ತೀಚಿನ ಸ್ಥಿತಿ

2014ರಲ್ಲಿ ಸೂಪರ್ ಕಬ್‌ನ ಆಕಾರವು ಜಪಾನಿನಲ್ಲಿ ತ್ರಿಆಯಾಮದ ವ್ಯಾಪಾರಮುದ್ರೆಯಾಗಿ ನೋಂದಣಿಗೊಂಡಿತು. ಆ ದೇಶದಲ್ಲಿ ವಾಹನವೊಂದರ ಆಕಾರಕ್ಕೆ ಈ ಮಾನ್ಯತೆ ದೊರೆತದ್ದು ಅದೇ ಮೊದಲು. ಹೊಗೆ ನಿಯಂತ್ರಣದ ಹೊಸ ನಿಯಮಗಳ ಕಾರಣದಿಂದ 50 ಸಿಸಿ ಮಾದರಿಯ ಉತ್ಪಾದನೆ 2025ರಲ್ಲಿ ಕೊನೆಗೊಂಡಿತು. 110 ಮತ್ತು 125 ಸಿಸಿ ಮಾದರಿಗಳು ಮುಂದುವರಿದಿವೆ.