ಹೊಳೆಯ ದಂಡೆಯ ಪಕ್ಷಿಕುಟುಂಬಗಳು

ಉಕ್ಕಡಗಾತ್ರಿಯ ಶ್ರೀ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯ ದರ್ಶನಕ್ಕೆಂದು ಅಮಾವಾಸ್ಯೆಯ ದಿನ ಬರುವ ಸದ್ಭಕ್ತರು ತುಂಗಭದ್ರೆಯಲ್ಲಿ ಮಿಂದು, ಮಡಿಯುಟ್ಟು, ಕಾಯಿ ಕರ್ಪೂರ ಸಲ್ಲಿಸಿ ಊರಿಗೆ ಮರಳುತ್ತಾರೆ. ನಾವೂ ನಲವತ್ತು ವರುಷ ಹಾಗೆಯೇ ಬಂದು ಹೋದವರು. ಹೊಳೆಯ ಮೇಲೆ ಹಾರುವ ಜೀವಿಗಳನ್ನು ಕಣ್ಣೆತ್ತಿ ನೋಡುವ ವ್ಯವಧಾನ ಒದಗಿದ್ದು ಇತ್ತೀಚೆಗೆ, ಮೊಮ್ಮಗನು ದುರ್ಬೀನನ್ನು ಕೊರಳಿಗೆ ತೊಟ್ಟು ಜೊತೆಗೆ ಬಂದಾಗ.

"ಅಜ್ಜಾ, ಅಲ್ಲಿ ಹಾರುವ ಎರಡೂ ಒಂದೇ ಕುಟುಂಬದವೇನು?" ಎಂದು ಕೇಳಿದನು. ಎರಡೂ ಸಣ್ಣವು, ಎರಡೂ ಗಾಳಿಯಲ್ಲಿಯೇ ಹುಳು ಹಿಡಿಯುವವು. ಹೌದೆಂದೆವು. ಹುಡುಗನು ನಕ್ಕನು. ಒಂದು ಕವಲುತೋಕೆ, ಅದು ತಂತಿಯ ಮೇಲೆ ಕೂಡಬಲ್ಲದು. ಇನ್ನೊಂದು ಬಾನಾಡಿ, ಅದರ ಕಾಲು ಗೋಡೆಗೆ ಅಂಟಿಕೊಳ್ಳಲು ಮಾತ್ರ ತಕ್ಕುದು, ಕೊಂಬೆಯನ್ನು ಹಿಡಿದು ಕೂರಲಾರದು. ಬಾನಾಡಿಯ ಹತ್ತಿರದ ನಂಟು ಅಮೆರಿಕ ಖಂಡದ ಝೇಂಕಾರದ ಹಕ್ಕಿಗಳೊಡನೆಯೇ ಹೊರತು ಕವಲುತೋಕೆಯೊಡನೆ ಅಲ್ಲವಂತೆ! ಲೋಕದ ಸುಮಾರು 11,000 ಪ್ರಭೇದಗಳನ್ನು ವಿಜ್ಞಾನಿಗಳು ಸುಮಾರು 250 ಕುಟುಂಬಗಳಾಗಿ ವಿಂಗಡಿಸಿರುವುದು ಹೊರಗಿನ ರೂಪವನ್ನಷ್ಟೇ ನಂಬಿ ಅಲ್ಲ. (ಕುಲದ ಮಾತೆಂದರೆ ನಮ್ಮವರು ಬೆಚ್ಚುವುದುಂಟು. ಇಲ್ಲಿ ಮೇಲು ಕೀಳಿನ ಪ್ರಸ್ತಾಪವಿಲ್ಲ.)

ಕೋಗಿಲೆಯ ಮನೆತನವನ್ನೇ ನೋಡಿರಿ. ಕೋಗಿಲೆ, ಚಾತಕ, ಕೆಂಬೂತ ಮೂರೂ ಒಂದೇ ಕುಟುಂಬದವು. ಮೂರಕ್ಕೂ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಮುಂಗಾರಿನೊಡನೆ ಬರುವ ಚಾತಕವು ಹರಟೆಮಲ್ಲನ ಗೂಡನ್ನು ಆಶ್ರಯಿಸುತ್ತದೆ. ಕೆಂಬೂತವಾದರೋ ತಾನೇ ಗೂಡು ಕಟ್ಟಿ, ತನ್ನ ಮರಿಗಳನ್ನು ತಾನೇ ಸಾಕುವ ಸಂಸಾರಿ. ಇನ್ನೊಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಪುರಾಣ ಪ್ರವಚನಗಳಲ್ಲಿ ನಾವು ಎಷ್ಟೋ ಸಲ ಕುಹೂ ಎಂದು ಹಾಡುವ ಕೋಗಿಲೆಯನ್ನು ಹೆಣ್ಣೆಂದೇ ವರ್ಣಿಸಿದ್ದೆವು. ಹಾಗೆ ಹಾಡುವುದು ಕಪ್ಪು ಬಣ್ಣದ ಗಂಡು. ಹೆಣ್ಣಿನ ಮೈ ಕಂದು, ಮೇಲೆ ಬಿಳಿಯ ಚುಕ್ಕೆ. ಮಠದಲ್ಲಿ ಕಲಿತ ಕಾವ್ಯವೆಲ್ಲ ಕಣ್ಣೆದುರಿನ ಮರದಿಂದ ನಮ್ಮ ದೃಷ್ಟಿಯನ್ನು ತಪ್ಪಿಸಿತ್ತು.

ಬೆಳ್ಳಕ್ಕಿಯನ್ನೂ ಕೊಕ್ಕರೆಯನ್ನೂ ನಮ್ಮ ಜನ ಒಂದೇ ಹೆಸರಿನಿಂದ ಕರೆಯುತ್ತಾರೆ. ಹಾರುವಾಗ ನೋಡಿದರೆ ಸಾಕು: ಬೆಳ್ಳಕ್ಕಿ ಕೊರಳನ್ನು ಮಡಚಿಕೊಳ್ಳುತ್ತದೆ, ಕೊಕ್ಕರೆ ಚಾಚುತ್ತದೆ. ಇದಕ್ಕೆ ದುರ್ಬೀನೂ ಬೇಡ.

ಡಾ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸಮೀಕ್ಷಿಸಿದರು. ಹರಿಹರದ ಸೀಮೆಯೂ ಅಂದು ಅದೇ ಸಂಸ್ಥಾನಕ್ಕೆ ಸೇರಿತ್ತು. ಅವರ ಸಲಹೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಮ್ಮ ಹೊಳೆಗೆ ಅಂಥ ಕಾವಲಿಲ್ಲ. ರೀವ ಹಕ್ಕಿಯು ಬೇಸಗೆಯಲ್ಲಿ ನೀರು ಇಳಿದಾಗ ಬಯಲು ಮರಳಿನ ಮೇಲೆಯೇ ಮೊಟ್ಟೆಯಿಡುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಅವುಗಳ ದೊಡ್ಡ ನೆಲೆಯೇ ಇದೆ. ಮರಳನ್ನು ಬಾಚಿ ಒಯ್ದ ಹೊಳೆಯಲ್ಲಿ ಅದು ಎಲ್ಲಿ ಮೊಟ್ಟೆಯಿಡಬೇಕು?

ಅಂದು ಸ್ನಾನಘಟ್ಟದ ಮೇಲೆ ಕಪ್ಪು ಬಿಳುಪಿನ ಮಿಂಚುಳ್ಳಿಯೊಂದು ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಂತಲ್ಲೇ ನಿಂತಿತ್ತು. ಮೀನು ಕಂಡರೆ ನೆಟ್ಟನೆ ಧುಮುಕುವುದು ಅದರ ಪದ್ಧತಿ. ಕೆಳಗೆ ನೀರಿನಲ್ಲಿ ಭಕ್ತರು ಬಿಟ್ಟ ಹಳೆಯ ಸೀರೆ, ಪಂಚೆ, ಅಂಗಿಗಳು ಒಂದಕ್ಕೊಂದು ಸುತ್ತಿಕೊಂಡು ತೇಲುತ್ತಿದ್ದವು. ಹಕ್ಕಿಯು ಎರಡು ಸಲ ತಗ್ಗಿತು, ಧುಮುಕಲಿಲ್ಲ. ಮೇಲ್ಗಡೆಯ ತಿಳಿನೀರಿಗೆ ಹಾರಿಹೋಯಿತು. ಮೊಮ್ಮಗನು ಏನನ್ನೂ ಹೇಳದೆ ನಮ್ಮ ಕೈಯನ್ನು ನೋಡಿದನು. ಪೀಡೆ ಕಳೆಯಲೆಂದು ಹೊಳೆಗೆ ಬಿಡಬೇಕೆಂದಿದ್ದ ನಮ್ಮ ಹಳೆಯ ಪಂಚೆ ಕೈಯಲ್ಲಿಯೇ ಇತ್ತು. ಹಿಂಡಿ, ಚೀಲಕ್ಕೆ ಹಾಕಿಕೊಂಡೆವು.